ಗಾಜಿನ ಪೆಟ್ಟಿಗೆಯಲ್ಲಿ ಕವಿ

ಬದುಕಿರುವ ಕವಿಗೆ ದೊಣ್ಣೆ, ಸತ್ತ ಕವಿಗೆ ಗಾಜಿನ ಪೆಟ್ಟಿಗೆ. ಈ ವ್ಯವಹಾರ ಎಲ್ಲ ದೇಶದಲ್ಲೂ ಇದೆ. ಆದರೆ ಇದನ್ನು ಇಸವಿ ಸಮೇತ, ಹೆಣಗಳ ಲೆಕ್ಕ ಸಮೇತ ನೋಡಬೇಕು ಅನ್ನುವವರು ಕಜಕಿಸ್ತಾನದ ಸೆಮೆ ಎಂಬ ಊರಿಗೆ ಹೋಗಬೇಕು. ಇರ್ತಿಶ್ ನದಿಯ ದಂಡೆಯ ಊರು. 2007ರವರೆಗೆ ಅದರ ಹೆಸರು ಸೆಮಿಪಲಾಟಿನ್ಸ್ಕ್. ರಷ್ಯದ ಜಾರ್ ದೊರೆಗಳ ಕಾಲದಲ್ಲಿ ಕೋಟೆಯಾಗಿ ಹುಟ್ಟಿದ್ದು. ತಮಗೆ ಬೇಡವಾದವರನ್ನು ತಂದು ಎಸೆಯಲು ಅವರಿಗೆ ಅನುಕೂಲವಾದ ಜಾಗ. ದಾಸ್ತೊವ್‌ಸ್ಕಿಯನ್ನು ಸೆರೆಯಿಂದ ಬಿಟ್ಟವರು ಸಿಪಾಯಿ ಮಾಡಿ 1854ರಲ್ಲಿ ಅಟ್ಟಿದ್ದು ಇಲ್ಲಿಗೇ. ಇದೇ ಊರಿನಲ್ಲಿ ಕಜಕರ ದೊಡ್ಡ ಕವಿ ಅಬಾಯ್ ಕುನಾನ್‌ಬಾಯೆವ್‌ನ ಮ್ಯೂಸಿಯಂ ಇದೆ. 1940ರಲ್ಲಿ ಶುರುವಾದದ್ದು. ಈ ಇಸವಿಯನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು.

ನಾವು ಅಲ್ಲಿಗೆ ಹೋದದ್ದು ಕಾವ್ಯಯಾತ್ರೆಗಲ್ಲ. ಯಾತ್ರೆ ಮಾಡುವ ಸಾಹಿತಿಗಳ ಪಂಗಡವೇ ಬೇರೆ. ನಮ್ಮ ಕಡೆಯ ಹುಡುಗರು ಈಗ ಸೆಮೆಯ ವೈದ್ಯಕೀಯ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರಿಕೆ ಓದುತ್ತಿದ್ದಾರೆ. ಇಲ್ಲಿ ಖಾಸಗಿ ಸೀಟಿಗೆ ಕೇಳುವ ದುಡ್ಡು ಮನೆ ಹೊಲ ಮಾರಿದರೂ ಹುಟ್ಟುವುದಿಲ್ಲ ಅಂತ ಸಾಲ ಮಾಡಿ ಹೋದವರು. ಅವರಲ್ಲೊಬ್ಬ ನಮ್ಮ ಕೇರಿಯವನು. ಅವನ ಹಾಸ್ಟೆಲಿನ ಕೋಣೆಯಲ್ಲಿ ಚಾಪೆ ಹಾಕಿಕೊಂಡು, ಅವನು ಕಲಿತ ಅರೆಬರೆ ರಷ್ಯನ್ನನ್ನು ನಂಬಿಕೊಂಡು ನೋಡಿದ್ದು, ಆಮೇಲೆ ಹುಡುಕಿ ಓದಿದ್ದು, ಎರಡನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇವೆ.

ಮ್ಯೂಸಿಯಂ ಹಳೇ ಕಾಲದ ಸಾಹುಕಾರನೊಬ್ಬನ ಮಹಲಿನಲ್ಲಿದೆ. ಅಬಾಯ್ ಹುಡುಗನಾಗಿ ಓದಿದ ಅಹ್ಮದ್ ರಿಜಾ ಮದರಸವೂ ಅದರ ಜತೆಯಲ್ಲೇ ಇದೆ. ಒಳಗೆ ಜಮಖಾನೆ, ಎರಡು ತಂತಿಯ ದೊಂಬ್ರ, ಎಣ್ಣೆಬಣ್ಣದ ಚಿತ್ರಗಳು, ಹಲವು ಭಾಷೆಗಳಿಗೆ ಹೋದ ಪುಸ್ತಕಗಳು. ಮೆತ್ತನೆ ದನಿಯಲ್ಲಿ ವಿವರಿಸುವ ಹೆಣ್ಣುಮಗಳು. ಅವಳ ಬಗ್ಗೆ ನಮ್ಮ ತಕರಾರಿಲ್ಲ. ತಿಂಗಳ ಸಂಬಳಕ್ಕೆ ಕೊಟ್ಟ ಪಾಠ ಒಪ್ಪಿಸುತ್ತಾಳೆ, ಚೆನ್ನಾಗಿಯೇ ಒಪ್ಪಿಸುತ್ತಾಳೆ. ನಮ್ಮ ತಕರಾರು ಆ ಪಾಠದ ವಿಶೇಷಣಗಳ ಮೇಲೆ. ಜ್ಞಾನಿ, ದಾರ್ಶನಿಕ, ಮಾರ್ಗದರ್ಶಿ, ರಾಷ್ಟ್ರದ ಆತ್ಮ. ಒಬ್ಬ ಮನುಷ್ಯನ ಮೇಲೆ ಇಷ್ಟೊಂದು ವಿಶೇಷಣ ಹೇರಿದಾಗ ಅವನು ಯಾರ ಮೇಲೆ ಸಿಟ್ಟಾಗಿದ್ದ ಅನ್ನುವುದು ಮರೆತುಹೋಗುತ್ತೆ. ಮರೆಯಲಿ ಅಂತಲೇ ಹೇರುತ್ತಾರೆ.

ಹಾಗಾದರೆ ಅವನು ಯಾರು? 1845ರಲ್ಲಿ ಚಿಂಗಿಸ್ ಗುಡ್ಡಗಳ ತಪ್ಪಲಿನಲ್ಲಿ ಹುಟ್ಟಿದ. ಕುದುರೆ, ಕುರಿ, ಒಂಟೆ ಹೊಡೆದುಕೊಂಡು ಹುಲ್ಲುಗಾವಲಿನಿಂದ ಹುಲ್ಲುಗಾವಲಿಗೆ ಹೋಗುತ್ತಿದ್ದ ತೊಬಿಕ್ತಿ ಕುಲ. ಅಪ್ಪ ಕುನಾನ್‌ಬಾಯ್ ಸಾಮಾನ್ಯನಲ್ಲ, ರಷ್ಯದ ಸರ್ಕಾರ ನೇಮಿಸಿದ ಹಿರಿಯ ಸುಲ್ತಾನ. ಇಲ್ಲಿ ಒಂದು ಸಂಗತಿ ಹೇಳಬೇಕು. ಕಜಕರಲ್ಲಿ ಬಿಳಿ ಮೂಳೆ, ಕಪ್ಪು ಮೂಳೆ ಅಂತ ಎರಡು. ಚಂಗೀಸ್ ಖಾನನ ವಂಶದವರು, ಧರ್ಮಗುರುಗಳ ವಂಶದವರು ಬಿಳಿ ಮೂಳೆ. ಮಿಕ್ಕವರೆಲ್ಲ ಕಪ್ಪು ಮೂಳೆ. ಅದಕ್ಕೂ ಕೆಳಗೆ, ಲೆಕ್ಕಕ್ಕೇ ಸಿಗದಂತೆ, ಗುಲಾಮರು. ಹಿರಿಯ ಸುಲ್ತಾನನ ಪಟ್ಟ ಸಾಮಾನ್ಯವಾಗಿ ಬಿಳಿ ಮೂಳೆಗೆ ಮೀಸಲು. ಕುನಾನ್‌ಬಾಯ್ ಕಪ್ಪು ಮೂಳೆಯವನಾಗಿ ಅದರ ಮೇಲೆ ಕೂತ. ಕೂತು ಏನು ಮಾಡಿದ? ಮೇಲೆ ಹತ್ತಿದವರಲ್ಲಿ ಬಹಳ ಮಂದಿ ಮಾಡುವುದನ್ನೇ ಮಾಡಿದ. ಏಣಿಯನ್ನು ಎಳೆದುಕೊಂಡ.

ಇದು ನಮ್ಮ ಜಾತಿ ಪದ್ಧತಿಯೇ ಅಂತ ಯಾರೂ ಹೇಳಬಾರದು. ಮುಟ್ಟಿದರೆ ಮೈಲಿಗೆ ಅನ್ನುವ ರೋಗ ಅಲ್ಲಿರಲಿಲ್ಲ. ಆದರೆ ಮನುಷ್ಯನ ಮೂಳೆಗೂ ಬಣ್ಣ ಹಚ್ಚುವ ಬುದ್ಧಿ ಇತ್ತಲ್ಲ, ಅದು ನಮಗೆ ಅಪರಿಚಿತವೇನಲ್ಲ.

ಈಗ ನಮ್ಮ ಗೆಳೆಯರ ಪ್ರಶ್ನೆ. 'ಅಲ್ರಪ್ಪಾ, ಸುಲ್ತಾನನ ಮಗ, ಸಾವಿರಾರು ಕುದುರೆಯ ಮನೆತನ. ಅವನನ್ನು ಕಟ್ಟಿಕೊಂಡು ನಮಗೇನು? ನಮ್ಮ ಧಣಿಗಳ ಮಕ್ಕಳ ಕಾವ್ಯ ಓದಿ ಸಾಕಾಗಿಲ್ಲವೆ?' ಪ್ರಶ್ನೆ ಸರಿಯಾಗಿಯೇ ಇದೆ. ಇದನ್ನು ಕೇಳದೆ ಯಾವ ಮಹಾಕವಿಯ ಮನೆಯ ಹೊಸ್ತಿಲನ್ನೂ ದಾಟಬಾರದು. ಅಬಾಯ್ ಸ್ವತಃ 1870ರ ದಶಕದಲ್ಲಿ ವೊಲೊಸ್ತಿನ ಮುಖ್ಯಸ್ಥನಾಗಿದ್ದ. ವೊಲೊಸ್ತು ಅಂದರೆ ನಮ್ಮ ಹೋಬಳಿ ಇದ್ದ ಹಾಗೆ. ಅವನಿಗೆ ಮೂವರು ಹೆಂಡಿರು. ಮೂರನೆಯವಳು ಸತ್ತ ತಮ್ಮನ ಹೆಂಡತಿ, ಕುಲದ ಕಟ್ಟಳೆಯಂತೆ ಕುದುರೆ ಕುರಿಗಳ ಜತೆಗೆ ಪಾಲಿಗೆ ಬಂದವಳು. ಇದನ್ನೆಲ್ಲ ಮುಚ್ಚಿಟ್ಟು ಜ್ಞಾನಿ, ದಾರ್ಶನಿಕ ಅನ್ನುವವರು ಅವನಿಗೆ ಮಾಡುವ ಗೌರವ ಎಂಥದ್ದು?

ಆದರೆ ಮುಂದಿನದನ್ನೂ ಕೇಳಬೇಕು. ಹಣವಂತರ ಮನೆಯಲ್ಲಿ ಪದ ಕಟ್ಟುವುದು ಅವಮಾನದ ಕೆಲಸ. ಪದ ಹಾಡುವವನು ಅಂದರೆ ಧಣಿಗಳ ಗುಡಾರದಿಂದ ಗುಡಾರಕ್ಕೆ ಹೋಗಿ, ಹೊಗಳಿ, ಕುದುರೆಯನ್ನೋ ಅಂಗಿಯನ್ನೋ ಇನಾಮು ಪಡೆಯುವವನು ಅಂತ ಲೆಕ್ಕ. ಅದಕ್ಕೇ ಈ ಸುಲ್ತಾನನ ಮಗ ತಾನು ಕಟ್ಟಿದ್ದನ್ನು ಬಹಳ ಕಾಲ ಗೆಳೆಯ ಕೊಕ್‌ಬಾಯ್ ಹೆಸರಿನಲ್ಲಿ ಬಿಟ್ಟ. 1886ರಲ್ಲಿ, ನಲವತ್ತು ದಾಟಿದ ಮೇಲೆ, ಬೇಸಿಗೆಯ ಮೇಲಿನ ಒಂದು ಪದ್ಯಕ್ಕೆ ಮೊದಲ ಬಾರಿ ತನ್ನ ಹೆಸರು ಹಾಕಿದ. ಇದನ್ನು ಓದಿದಾಗ ನಾವು ಸುಮ್ಮನೆ ಕೂತುಬಿಟ್ಟೆವು. ಹೆಸರು ಹಾಕಿದರೆ ಬಾಡಿಗೆ ಮನೆ ಕೊಡುವುದಿಲ್ಲ ಅಂತ ಹೆಸರು ಬದಲಿಸಿ ಬರೆದವರು ನಮ್ಮಲ್ಲಿ ಎಷ್ಟು ಮಂದಿ! ನಾವು ಕೆಳಗಿನವರಾಗಿ ಮುಚ್ಚಿಟ್ಟೆವು, ಅವನು ಮೇಲಿನವನಾಗಿ ಮುಚ್ಚಿಟ್ಟ. ವ್ಯತ್ಯಾಸ ದೊಡ್ಡದೇ. ಆದರೂ ಹೆಸರು ಹಾಕಿದ ದಿನದಿಂದ ಅವನು ತನ್ನ ಗುಡಾರದವರ ಪಾಲಿಗೆ ಶತ್ರುವಾದ.

ಯಾಕೆಂದರೆ ಅವನು ಬರೆದದ್ದು ಬರೀ ಬೇಸಿಗೆಯ ಮೇಲಲ್ಲ. ವೊಲೊಸ್ತಿನ ಮುಖ್ಯಸ್ಥನಾದವನು ರಷ್ಯದ ಅಧಿಕಾರಿಯ ಮುಂದೆ ಹೇಗೆ ಬಾಲ ಅಲ್ಲಾಡಿಸುತ್ತಾನೆ, ತನ್ನವರ ಮುಂದೆ ಹೇಗೆ ಮೀಸೆ ತಿರುವುತ್ತಾನೆ ಅಂತ ಅವನ ಬಾಯಿಂದಲೇ ಹೇಳಿಸಿದ ಪದ್ಯ 1889ರದ್ದು. ಅದಕ್ಕೂ ಹಿಂದಿನ ವರ್ಷದ್ದು ಚಳಿಗಾಲದ ಪದ್ಯ. ಅದರಲ್ಲಿ ಕೂಲಿಯ ಮಕ್ಕಳು ಧಣಿಯ ಮನೆ ಬಾಗಿಲಲ್ಲಿ ನಡುಗುತ್ತಾ ನಿಲ್ಲುತ್ತವೆ, ಒಳಗೆ ಒಲೆ ಉರಿಯುತ್ತಿರುತ್ತೆ. ನಮ್ಮ ಊರುಗಳಲ್ಲಿ ಜೀತಕ್ಕಿದ್ದವರ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗದ್ಯದಲ್ಲಿ 45 ಮಾತುಗಳನ್ನು ಬರೆದ. ಅವಕ್ಕೆ ಕಜಕ್ ಭಾಷೆಯಲ್ಲಿ 'ಕರಾ ಸೋಜ್' ಅನ್ನುತ್ತಾರೆ, ಗದ್ಯ ಅಂತ ಅರ್ಥ. 'ಕರಾ' ಅಂದರೆ ಕಪ್ಪು. ಬರೀ, ಸಾದಾ, ಸಾಮಾನ್ಯ ಜನದ್ದು ಅಂತಲೂ ಹೌದು. ಕಪ್ಪು ಮೂಳೆಯಲ್ಲಿರುವ ಕಪ್ಪೂ ಅದೇ. ಕಪ್ಪು ಮೂಳೆಯವನ ಕಪ್ಪು ಮಾತು! ಇದು ರಷ್ಯನ್ನಿಗೆ ಹೋಗುವಾಗ ಹೆಸರೇ ಬದಲಾಗಿ ಉಪದೇಶದ ಮಾತು ಅಂತಾಯಿತು. ನೋಡಿ, ಕಪ್ಪನ್ನು ತೊಳೆದು ಪುರಾಣಿಕನ ಪ್ರವಚನ ಮಾಡಿದ್ದು ಹೀಗೆ.

ಈ ಮಾತುಗಳಿಗೆ ಸಿಕ್ಕ ಬಹುಮಾನ: 1898ರಲ್ಲಿ ಮುಕಿರ್ ಎಂಬಲ್ಲಿ ವೊಲೊಸ್ತಿನ ಚುನಾವಣೆ. ಓರಜ್‌ಬಾಯ್ ಎಂಬ ಧಣಿಯ ಕಡೆಯವರು ಸೇರಿ ಐವತ್ತು ದಾಟಿದ ಕವಿಯನ್ನು ಹಿಡಿದು ಬಡಿದರು. 1903ರಲ್ಲಿ ಜಾರ್ ಪೊಲೀಸರು ಬಂದು ಮನೆ ಜಾಲಾಡಿದರು. 1904ರಲ್ಲಿ ಮಗ ಮಗಾವಿಯಾ ಸತ್ತ. ನಲವತ್ತು ದಿನಕ್ಕೆ ಅಪ್ಪನೂ ಸತ್ತ. ಬದುಕಿರುವಾಗ ಅವನ ಒಂದು ಪುಸ್ತಕವೂ ಅಚ್ಚಾಗಲಿಲ್ಲ.

ಮತ್ತೆ ಇಷ್ಟೆಲ್ಲ ಉಳಿದದ್ದು ಹೇಗೆ? ಇದು ಮ್ಯೂಸಿಯಂಗಳು ಕೇಳಿಸಿಕೊಳ್ಳಬೇಕಾದ ಮಾತು. ಕವಿಯ ಸ್ವಂತ ಕೈಬರಹ ಉಳಿದದ್ದು ಇಲ್ಲವೆನ್ನುವಷ್ಟು ಕಡಿಮೆ. ಕಾವ್ಯ ಉಳಿದದ್ದು ಬಾಯಲ್ಲಿ. ಕುರಿ ಕಾಯುವವರು, ಮದುವೆಯಲ್ಲಿ ಹಾಡುವವರು, ಅಕ್ಷರ ಗೊತ್ತಿಲ್ಲದ ಹೆಂಗಸರು ಅದನ್ನು ಹಾಡಿಕೊಂಡರು. ಇನ್ನೊಂದು ಕಡೆ ಮುರ್ಸೆಯಿತ್ ಎಂಬ ಮನುಷ್ಯ ಕೂತು ಒಂದಲ್ಲ, ಹಲವು ಪ್ರತಿಗಳನ್ನು ಕೈಯಲ್ಲಿ ನಕಲು ಮಾಡಿದ. ಇವತ್ತು ಅಬಾಯ್ ಎಂದು ನಾವು ಓದುವುದರ ಬಹುಪಾಲು ಈ ನಕಲುಗಾರನ ಬೆರಳಿನಿಂದ ಬಂದದ್ದು. 1909ರಲ್ಲಿ ಕವಿಯ ಮಗ ತುರಾಗುಲ್ ಮತ್ತು ತಮ್ಮನ ಮಗ ಕಾಕಿತಾಯ್ ಸೇರಿ ಪೀಟರ್ಸ್‌ಬರ್ಗಿನಲ್ಲಿ ಮೊದಲ ಪುಸ್ತಕ ಅಚ್ಚು ಹಾಕಿಸಿದರು. ಯಾವ ಸರ್ಕಾರದ ಯಾವ ಖಾತೆಯೂ ಒಂದು ಕಾಸು ಕೊಡಲಿಲ್ಲ. ಜನಪದವನ್ನು ವಿದ್ವಾಂಸರು ಉಳಿಸಿದರು ಅಂತ ಹೇಳುತ್ತಾರಲ್ಲ, ನಮ್ಮಲ್ಲೂ ಹೇಳುತ್ತಾರೆ. ಉಳಿಸಿದವರು ಮೊದಲೇ ಬೇರೆ ಇದ್ದರು. ವಿದ್ವಾಂಸರು ಬಂದದ್ದು ಟೇಪ್‌ರೆಕಾರ್ಡರ್ ಬಂದ ಮೇಲೆ.

ಈಗ 1940ಕ್ಕೆ ಬರೋಣ.

1913ರಲ್ಲಿ 'ಕಜಕ್' ಎಂಬ ಪತ್ರಿಕೆಯಲ್ಲಿ ಅಬಾಯ್‌ನನ್ನು ಕಜಕರ ಮುಖ್ಯ ಕವಿ ಎಂದು ಮೊದಲು ಸಾರಿ ಬರೆದವನು ಅಹ್ಮೆತ್ ಬೈತುರ್ಸಿನೋವ್. ಅವನನ್ನು 1937ರಲ್ಲಿ ಗುಂಡಿಟ್ಟು ಕೊಂದರು. 1917ರಲ್ಲಿ ಕಜಕರಿಗೆ ತಮ್ಮದೇ ಆಡಳಿತ ಬೇಕು ಎಂದು ಎದ್ದ ಅಲಾಶ್ ಚಳವಳಿಗೆ ಇದೇ ಸೆಮೆಯೇ ಕೇಂದ್ರ. ಅದರ ನಾಯಕ ಅಲಿಖಾನ್ ಬೊಕೆಯ್‌ಖಾನೋವ್, ಅಬಾಯ್ ಬದುಕನ್ನು ಮೊದಲು ಬರೆದವರಲ್ಲಿ ಒಬ್ಬ. ಅವನನ್ನೂ 1937ರಲ್ಲೇ ಕೊಂದರು. ಪುಸ್ತಕ ಅಚ್ಚು ಹಾಕಿಸಿದ ಮಗ ತುರಾಗುಲ್‌ನ ದನಕುರಿ ಕಿತ್ತುಕೊಂಡು 1928ರಲ್ಲಿ ಗಡೀಪಾರು ಮಾಡಿದರು, ಪರಸ್ಥಳದಲ್ಲೇ ಸತ್ತ. ಅಬಾಯ್ ಸಾಕಿ ಬೆಳೆಸಿದ ಅಣ್ಣನ ಮಗ ಶಾಕಾರಿಮ್, ಅವನೂ ಕವಿ, ಎಪ್ಪತ್ತು ದಾಟಿದ ಮುದುಕ. 1931ರಲ್ಲಿ ಗುಪ್ತ ಪೊಲೀಸರು ಗುಡ್ಡದಲ್ಲಿ ಹೊಡೆದು ಹೆಣವನ್ನು ಒಣಬಾವಿಗೆ ಎಸೆದರು. ಮೂವತ್ತು ವರ್ಷ ಆ ಮೂಳೆ ಬಾವಿಯಲ್ಲಿ ಬಿದ್ದಿತ್ತು. 1961ರಲ್ಲಿ ಮಗ ಅಖಾತ್ ಹುಡುಕಿ ತೆಗೆದು ಝಿದೆಬಾಯ್ ಎಂಬಲ್ಲಿ ಅಬಾಯ್ ಪಕ್ಕಕ್ಕೆ ತಂದು ಮಣ್ಣು ಮಾಡಿದ. ಇನ್ನು ಜನ. ಅಲೆಮಾರಿಗಳನ್ನು ಬಲವಂತವಾಗಿ ಒಂದೆಡೆ ಕೂರಿಸಿ, ಮಾಂಸ ಧಾನ್ಯಗಳ ಲೆವಿ ಕಿತ್ತದ್ದರಿಂದ 1930ರಿಂದ 1933ರ ಬರಗಾಲದಲ್ಲಿ ಸುಮಾರು 15 ಲಕ್ಷ ಜನ ಸತ್ತರು, ಅವರಲ್ಲಿ ಸುಮಾರು 13 ಲಕ್ಷ ಕಜಕರೇ. ಅಬಾಯ್ ಪದಗಳನ್ನು ಬಾಯಲ್ಲಿಟ್ಟುಕೊಂಡಿದ್ದ ಬಾಯಿಗಳು ಅವು.

ಇದಾಗಿ ಏಳು ವರ್ಷಕ್ಕೆ ಮ್ಯೂಸಿಯಂ. ಅರ್ಥ ಆಯ್ತಾ ಗೆಳೆಯರೆ? ಜನ ಹೋದ ಮೇಲೆ ಜನಕವಿ.

ನಮ್ಮಲ್ಲಿ ಇನ್ನೂ ಕೆಲವು ಹಿರಿಯರು ಸೋವಿಯತ್ ನಾಡಿನ ಚೆಂದದ ಪುಸ್ತಕಗಳನ್ನು ನೆನೆದು ಕಣ್ಣು ಒದ್ದೆ ಮಾಡಿಕೊಳ್ಳುತ್ತಾರೆ. ಆ ಪುಸ್ತಕಗಳು ನಮಗೂ ಅಕ್ಷರ ಕೊಟ್ಟಿವೆ. ಎರಡು ರೂಪಾಯಿಗೆ ಗಾರ್ಕಿ ಸಿಕ್ಕಿದ್ದು ಸುಳ್ಳಲ್ಲ. ಅದೇ ಕಾರಣಕ್ಕೆ ಹೇಳುತ್ತಿದ್ದೇವೆ: ಸಮಾನತೆಯ ಹೆಸರು ಹೇಳಿ ಕುರಿಗಾಹಿಗಳನ್ನು ಉಪವಾಸ ಕೆಡವಿದ್ದನ್ನು ನಾವು ಹೇಳದಿದ್ದರೆ, ಧರ್ಮದ ಹೆಸರು ಹೇಳಿ ನಮ್ಮನ್ನು ಊರಾಚೆ ಇಟ್ಟವರನ್ನು ಪ್ರಶ್ನಿಸುವ ನಾಲಗೆ ನಮಗೆಲ್ಲಿ?

ಮುಖ್ತಾರ್ ಆವೆಜೋವ್‌ನ ಮಾತು ಇಲ್ಲಿ ಬಿಡುವಂತಿಲ್ಲ. ಅಬಾಯ್ ಹುಟ್ಟಿದ ಸೀಮೆಯಲ್ಲೇ 1897ರಲ್ಲಿ ಹುಟ್ಟಿದವನು. ತಾತ ಇವನಿಗೆ ಅಕ್ಷರ ಕಲಿಸಿದ್ದು ಅಬಾಯ್ ಪದ್ಯಗಳ ಕೈಪ್ರತಿ ಇಟ್ಟುಕೊಂಡು. 1930ರಲ್ಲಿ ಜೈಲು ಸೇರಿದ. 1932ರಲ್ಲಿ ಪತ್ರಿಕೆಯಲ್ಲಿ ತಪ್ಪೊಪ್ಪಿಗೆ ಬರೆದುಕೊಟ್ಟು ಹೊರಗೆ ಬಂದ. ಆಮೇಲೆ ಅಬಾಯ್ ಬದುಕಿನ ಮೇಲೆ ನಾಲ್ಕು ಸಂಪುಟದ ಕಾದಂಬರಿ ಬರೆದ. 1959ರಲ್ಲಿ ಅದಕ್ಕೆ ಲೆನಿನ್ ಬಹುಮಾನ. ತಪ್ಪೊಪ್ಪಿಗೆ ಬರೆದವನು ಅಂತ ಅವನನ್ನು ಹೀಯಾಳಿಸುವವರು ಆ ಕಾದಂಬರಿಯ ಮೊದಲ ಭಾಗ ತೆಗೆದು ನೋಡಲಿ. ಮದರಸದಿಂದ ಊರಿಗೆ ಬಂದ ಹದಿಮೂರರ ಹುಡುಗ ಅಬಾಯ್ ಮೊದಲು ನೋಡುವುದೇನು? ತನ್ನಪ್ಪ ಕುನಾನ್‌ಬಾಯ್ ಕೂತು ತೀರ್ಪು ಕೊಟ್ಟು, ಕೊದಾರ್ ಎಂಬ ಬಡ ಮುದುಕನನ್ನೂ ಅವನ ವಿಧವೆ ಸೊಸೆಯನ್ನೂ ಇಲ್ಲದ ಸಂಬಂಧ ಕಟ್ಟಿ, ಒಂಟೆಯ ಎರಡು ಮಗ್ಗುಲಿಗೆ ನೇಣು ಹಾಕಿಸುವುದು. ಮುದುಕನ ಜಮೀನಿನ ಮೇಲೆ ಕಣ್ಣಿತ್ತು. ಪಂಚಾಯ್ತಿ ಕಟ್ಟೆಯ ನ್ಯಾಯ ನೋಡಿ ಬೆಳೆದ ನಮ್ಮವರಿಗೆ ಈ ಪುಟಗಳನ್ನು ಯಾರೂ ಅನುವಾದಿಸಬೇಕಾಗಿಲ್ಲ. ಸರ್ಕಾರದ ಕತ್ತಿ ಕುತ್ತಿಗೆ ಮೇಲಿದ್ದಾಗಲೂ ಆ ಮನುಷ್ಯ ತನ್ನ ನಾಯಕನ ಅಪ್ಪನಿಂದಲೇ ಶುರು ಮಾಡಿದ. ಮಹಾಕವಿಯ ಮನೆಗೆ ಹೋಗುವ ದಾರಿ ಕೊದಾರನ ಹೆಣದ ಮುಂದಿನಿಂದಲೇ ಹೋಗಬೇಕು, ಸುತ್ತು ಬಳಸಿ ಹೋಗಬಾರದು.

ಅಷ್ಟಾದರೂ ಭಯ ಹೋಗಲಿಲ್ಲ. ಅಬಾಯ್ ಸುತ್ತ ಇದ್ದ ಸಣ್ಣ ಕವಿಗಳ ಪದ್ಯಗಳನ್ನು ಹುಡುಕಿ ಸಂಶೋಧನೆ ಮಾಡಿದ ಸೆಮೆಯ ವಿದ್ವಾಂಸ ಕಾಯುಮ್ ಮುಖಮೆದ್‌ಖಾನೋವ್. 1951ರಲ್ಲಿ ಅವನನ್ನು ಹಿಡಿದು 25 ವರ್ಷದ ಶಿಕ್ಷೆ ಬರೆದರು. ಅಪರಾಧ ಏನು ಅಂದರೆ ಸಣ್ಣ ಕವಿಗಳು! ಒಬ್ಬ ಮಹಾಕವಿ ಸಾಕು, ಪೆಟ್ಟಿಗೆಯಲ್ಲಿ ಹಿಡಿಸುತ್ತಾನೆ. ಅವನ ಸುತ್ತ ಒಂದು ಗುಂಪಿತ್ತು, ಕೂಡಿ ಹಾಡುತ್ತಿದ್ದರು, ಕೂಡಿ ಯೋಚಿಸುತ್ತಿದ್ದರು ಅಂದರೆ ಅದು ಸಂಘಟನೆ. ಸಂಘಟನೆ ಅಂದರೆ ಪೊಲೀಸು. ಸ್ತಾಲಿನ್ ಸತ್ತದ್ದರಿಂದ ಆ ಮನುಷ್ಯ ಬದುಕಿ ಬಂದ.

ಸೆಮೆಯಲ್ಲಿ ಇನ್ನೊಂದು ಮ್ಯೂಸಿಯಂ ಇದೆ. ಪ್ರವಾಸಿಗಳಿಗೆ ಯಾರೂ ಅದರ ದಾರಿ ತೋರಿಸುವುದಿಲ್ಲ. ನಮ್ಮ ಗೆಳೆಯ ಓದುವ ವೈದ್ಯಕೀಯ ವಿಶ್ವವಿದ್ಯಾನಿಲಯದ ಅಂಗರಚನಾ ಸಂಗ್ರಹ. ಅಲ್ಲೂ ಗಾಜು. ಗಾಜಿನ ಜಾಡಿಗಳಲ್ಲಿ, ಔಷಧದ ನೀರಿನಲ್ಲಿ, ಹುಟ್ಟಲಾಗದೆ ಹೋದ ಮಕ್ಕಳು. ಒಂದಕ್ಕೆ ಹಣೆಯ ನಡುವೆ ಒಂದೇ ಕಣ್ಣು. ಒಂದು ಮೈಗೆ ಎರಡು ತಲೆ. ಅವನು ನಮಗೆ ತೋರಿಸಿ, 'ಮೊದಲನೇ ವರ್ಷ ಇದನ್ನ ನೋಡಿ ಎರಡು ದಿನ ಊಟ ಬಿಟ್ಟಿದ್ದೆ ಕಣ್ರೋ' ಅಂದ. ಈಗ ಅಭ್ಯಾಸವಾಗಿದೆಯಂತೆ.

1949ರ ಆಗಸ್ಟ್ 29ರಂದು ಸೋವಿಯತ್ ಸರ್ಕಾರ ತನ್ನ ಮೊದಲ ಅಣುಬಾಂಬು ಸಿಡಿಸಿದ್ದು ಈ ಸೆಮೆಯ ಪಶ್ಚಿಮದ ಹುಲ್ಲುಗಾವಲಿನಲ್ಲಿ. ಜನವಸತಿ ಇಲ್ಲದ ಜಾಗ ಅಂತ ಕಾಗದದಲ್ಲಿ ಬರೆದುಕೊಂಡರು. ಊರಾಚೆ ಇರುವವರು ಕಾಗದದಲ್ಲಿ ಯಾವತ್ತೂ ಇರುವುದಿಲ್ಲ. 1989ರವರೆಗೆ, ನಲವತ್ತು ವರ್ಷ, 456 ಸ್ಫೋಟ. ಮೊದಮೊದಲು ನೆಲದ ಮೇಲೆ, ಆಕಾಶದಲ್ಲಿ, ಆಮೇಲೆ ನೆಲದೊಳಗೆ. ಪರೀಕ್ಷಾ ಬಯಲಿಗೆ ಆತುಕೊಂಡೇ ಇರುವುದು ಅಬಾಯ್ ಹುಟ್ಟಿದ ಸೀಮೆ. ಸರ್ಕಾರ ಗೌರವದಿಂದ ಅದಕ್ಕೆ ಅವನ ಹೆಸರನ್ನೇ ಇಟ್ಟಿತ್ತು, ಅಬಾಯ್ ಜಿಲ್ಲೆ. 1953ರ ಆಗಸ್ಟ್ 12ರಂದು ಜಲಜನಕ ಬಾಂಬು ಸಿಡಿಸುವ ಮುಂಚೆ ಜಿಲ್ಲೆಯ ಕೇಂದ್ರ ಕಾರಾವುಲ್‌ನ ಜನರನ್ನು ಲಾರಿಗೆ ತುಂಬಿ ಸಾಗಿಸಿದರು. ಸುಮಾರು 40 ಗಂಡಸರನ್ನು ಮಾತ್ರ ಊರಲ್ಲೇ ಉಳಿಸಿದರು. ಏನಾಗುತ್ತೆ ನೋಡೋಣ ಅಂತ ಉಳಿಸಿದ್ದು ಅಂತ ಊರಿನವರು ಇವತ್ತಿಗೂ ಹೇಳುತ್ತಾರೆ.

ಲೆಕ್ಕ ನೋಡಿ. ಅದೇ 1949ರ ಹೊತ್ತಿಗೆ ಆವೆಜೋವ್‌ನ ಕಾದಂಬರಿಯ ಮೊದಲ ಭಾಗಕ್ಕೆ ಸ್ತಾಲಿನ್ ಬಹುಮಾನ. ಕವಿಯ ಹುಲ್ಲುಗಾವಲನ್ನು ವರ್ಣಿಸಿದವನಿಗೆ ಪದಕ, ಹುಲ್ಲುಗಾವಲಿಗೆ ಬಾಂಬು. ಇವೆರಡೂ ಒಂದೇ ಸರ್ಕಾರದ ಎರಡು ಖಾತೆಗಳು. ಸಂಸ್ಕೃತಿ ಖಾತೆಯವರು ಒಂದು ಕಡೆ ಗಾಜು ಒರೆಸುತ್ತಿದ್ದರು, ಇನ್ನೊಂದು ಖಾತೆಯವರು ಜಾಡಿಗಳನ್ನು ತುಂಬುತ್ತಿದ್ದರು. ಒಂದು ಮ್ಯೂಸಿಯಂ ನೋಡಿ ಇನ್ನೊಂದನ್ನು ನೋಡದೆ ಬಂದವನು ಸೆಮೆಯನ್ನು ನೋಡಿಲ್ಲ.

ಅದನ್ನು ನಿಲ್ಲಿಸಿದ್ದು ಯಾವ ಮಂತ್ರಿಯೂ ಅಲ್ಲ, ಅದನ್ನೂ ಹೇಳಬೇಕು. 1989ರ ಫೆಬ್ರವರಿ. ನೆಲದಡಿಯ ಸ್ಫೋಟದಿಂದ ವಿಷಗಾಳಿ ಸೋರಿತ್ತು. ಒಲ್ಝಾಸ್ ಸುಲೈಮೆನೋವ್ ಎಂಬ ಕವಿಗೆ ಟೆಲಿವಿಷನ್ನಿನಲ್ಲಿ ಮಾತಿಗೆ ಸಮಯ ಸಿಕ್ಕಿತ್ತು. ಪದ್ಯವನ್ನು ಪಕ್ಕಕ್ಕಿಟ್ಟು ಸೋರಿಕೆಯ ಸುದ್ದಿ ಓದಿದ. ಮಾರನೆಯ ದಿನಗಳಲ್ಲಿ ಅಲ್ಮಾ ಅತಾದ ಬರಹಗಾರರ ಸಂಘದ ಕಟ್ಟಡದ ಮುಂದೆ ಸಾವಿರಾರು ಜನ. ನೆವಾಡ-ಸೆಮಿಪಲಾಟಿನ್ಸ್ಕ್ ಚಳವಳಿ ಹುಟ್ಟಿತು, ಆ ವರ್ಷದ ಅಕ್ಟೋಬರಿನ ನಂತರ ಸ್ಫೋಟ ಆಗಲಿಲ್ಲ, 1991ರ ಆಗಸ್ಟ್ 29ಕ್ಕೆ ಬಯಲನ್ನೇ ಮುಚ್ಚಿದರು. ಒಬ್ಬ ಕವಿ ಪದ್ಯ ಓದದೆ ಮಾಡಿದ ಕೆಲಸ ಇದು! ಅದೇ ಕವಿ ಆಮೇಲೆ ರಾಯಭಾರಿಯಾಗಿ ರೋಮಿಗೆ ಹೋದ. ಬಂಡಾಯಗಾರರಿಗೆ ದೂರದ ಕುರ್ಚಿ ಕೊಡುವ ಕಲೆ ಎಲ್ಲ ಸರ್ಕಾರಗಳಿಗೂ ಬರುತ್ತೆ. ನಮ್ಮ ಕಡೆ ಹತ್ತಿರದ ಕುರ್ಚಿಯನ್ನೇ ಕೊಡುತ್ತಾರೆ, ಅಷ್ಟೇ.

ಸ್ವತಂತ್ರ ಕಜಕಿಸ್ತಾನವೂ ಅಬಾಯ್‌ನನ್ನು ಬಿಡಲಿಲ್ಲ. 1993ರಲ್ಲಿ ಸ್ವಂತ ನೋಟು ಅಚ್ಚಾದಾಗ 20 ತೆಂಗೆಯ ಮೇಲೆ ಅವನ ಮುಖ. 1995ರಲ್ಲಿ ನೂರೈವತ್ತನೆಯ ವರ್ಷದ ಹಬ್ಬ, ಝಿದೆಬಾಯ್‌ನಲ್ಲಿ ಅಬಾಯ್‌ಗೂ ಶಾಕಾರಿಮ್‌ಗೂ ಬಿಳಿಯ ಭಾರಿ ಗೋರಿ. 2022ರಲ್ಲಿ ಒಂದು ಇಡೀ ಪ್ರಾಂತಕ್ಕೇ ಅವನ ಹೆಸರು. ಇರಲಿ, ಭಾಷೆಯನ್ನೇ ತುಳಿಸಿಕೊಂಡ ಜನಕ್ಕೆ ತಮ್ಮ ಕವಿಯ ಹೆಸರನ್ನು ಎಲ್ಲೆಲ್ಲೂ ಬರೆಯುವ ಆಸೆ ಇದ್ದರೆ ನಾವು ನಗುವುದಿಲ್ಲ. ಆದರೆ ಅದೇ ಸರ್ಕಾರ ಅರೋನ್ ಅತಾಬೆಕ್ ಎಂಬ ಇನ್ನೊಬ್ಬ ಕವಿಗೆ ಏನು ಮಾಡಿತು? 2006ರಲ್ಲಿ ಅಲ್ಮಾತಿಯ ಅಂಚಿನ ಶನಿರಾಕ್ ಎಂಬ ಬಡವರ ಬಡಾವಣೆಗೆ ಬುಲ್ಡೋಜರ್ ಬಂತು. ಹಳ್ಳಿ ಬಿಟ್ಟು ಬಂದು ಮಣ್ಣಿನ ಗೂಡು ಕಟ್ಟಿಕೊಂಡಿದ್ದ ಜನ. ಅವರು ತಿರುಗಿಬಿದ್ದರು, ಗಲಾಟೆಯಲ್ಲಿ ಒಬ್ಬ ಪೊಲೀಸಿನವನು ಸತ್ತ. ಜನರ ಪರ ನಿಂತಿದ್ದ ಅತಾಬೆಕ್‌ಗೆ 2007ರಲ್ಲಿ 18 ವರ್ಷ ಜೈಲು. ತನ್ನ ಕೈವಾಡವಿಲ್ಲ ಎಂದು ಕೊನೆವರೆಗೂ ಹೇಳಿದ. ತಪ್ಪೊಪ್ಪಿಕೋ, ಬಿಡುತ್ತೇವೆ ಅಂದದ್ದಕ್ಕೆ ಒಪ್ಪಲಿಲ್ಲ. ಜೈಲಿನಲ್ಲಿ ಕೂತು ಅಧ್ಯಕ್ಷನ ವಿರುದ್ಧ ಪುಸ್ತಕ ಬರೆದದ್ದಕ್ಕೆ ಒಂಟಿ ಕೋಣೆಗೆ ನೂಕಿದರು. 2021ರ ಅಕ್ಟೋಬರಿನಲ್ಲಿ, ಮೂಳೆ ಚಕ್ಕಳವಾದ ಮೇಲೆ, ಹೊರಗೆ ಬಿಟ್ಟರು. ನವೆಂಬರಿನಲ್ಲಿ ಸತ್ತ. ಅವನ ಮ್ಯೂಸಿಯಂ ಯಾವ ಇಸವಿಯಲ್ಲಿ ತೆರೆಯುತ್ತಾರೋ ನೋಡೋಣ.

ಈ ಪತ್ರಿಕೆ ಓದುವ ಮೇಷ್ಟ್ರುಗಳಿಗೆ ಒಂದು ಮಾತು. ನೀವು ಮಕ್ಕಳನ್ನು ಶಾಲಾ ಪ್ರವಾಸಕ್ಕೆ ಕರೆದುಕೊಂಡು ಹೋಗಿ ಕವಿಗಳ ಮನೆ ತೋರಿಸುತ್ತೀರಿ. ಒಳ್ಳೆಯದು, ತೋರಿಸಿ. ಮಂಚ, ಕನ್ನಡಕ, ಊರುಗೋಲು ತೋರಿಸಿ. ಅದರ ಜತೆಗೆ ಆ ಮನೆಯ ಹಿತ್ತಲಿನ ಬಾಗಿಲು ಎಲ್ಲಿತ್ತು ಅಂತಲೂ ಮಕ್ಕಳ ಕೈಲಿ ಕೇಳಿಸಿ. ನೀರು ತಂದವರು ಯಾರು, ದನ ಕಾಯ್ದವರು ಯಾರು, ಅವರು ಎಲ್ಲಿ ನಿಂತು ಉಣ್ಣುತ್ತಿದ್ದರು, ಕವಿ ಅವರ ಬಗ್ಗೆ ಬರೆದನೋ ಇಲ್ಲವೋ. ಬರೆದಿದ್ದರೆ ಅವನಿಗೆ ಏಟು ಬಿತ್ತೋ ಇಲ್ಲವೋ. ಗೈಡು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಗಾಜು ಒಡೆಯುವುದೂ ಉಂಟು. 2006ರಲ್ಲಿ ಮಾಸ್ಕೋ ನಗರದ ಚಿಸ್ತಿಯೆ ಪ್ರುದಿ ಎಂಬ ಬೀದಿಯಲ್ಲಿ ಅಬಾಯ್‌ನ ಪ್ರತಿಮೆ ನಿಲ್ಲಿಸಿದ್ದರು. ಕಜಕಿಸ್ತಾನದ ಉಡುಗೊರೆ. ಆರು ವರ್ಷ ಪಾರಿವಾಳಗಳಿಗೆ ಬಿಟ್ಟರೆ ಅದರ ಕಡೆ ಕತ್ತೆತ್ತಿ ನೋಡಿದವರು ಕಡಿಮೆ. 2012ರ ಮೇ ತಿಂಗಳಲ್ಲಿ ಪುತಿನ್ ಮತ್ತೆ ಗದ್ದುಗೆ ಹತ್ತಿದಾಗ ಅವನ ವಿರುದ್ಧ ಎದ್ದ ಹುಡುಗ ಹುಡುಗಿಯರು ಸೇರಲು ಜಾಗ ಹುಡುಕುತ್ತಾ ಬಂದು ಈ ಪ್ರತಿಮೆಯ ಬುಡದಲ್ಲಿ ಠಿಕಾಣಿ ಹೂಡಿದರು. ಈ ಕಜಕ ಯಾರು ಅಂತಲೇ ಅವರಲ್ಲಿ ಬಹಳ ಮಂದಿಗೆ ಗೊತ್ತಿರಲಿಲ್ಲ. ಕೂತ ಮೇಲೆ ಹುಡುಕಿ ಓದಿದರು. ಅಲ್ಲೇ ಉಂಡರು, ಭಾಷಣ ಮಾಡಿದರು, ಹಾಡಿದರು, ಅಬಾಯ್ ಮಾತುಗಳನ್ನು ಗಟ್ಟಿಯಾಗಿ ಓದಿದರು. 'ಅಬಾಯ್ ಆಕ್ರಮಿಸಿ' ಅಂತ ಆ ಬೀಡಿಗೇ ಹೆಸರು ಬಂತು. ಸುತ್ತಲಿನ ಮನೆಯವರು ಹುಲ್ಲು ಹಾಳಾಯಿತು, ಗಲೀಜಾಯಿತು ಅಂತ ದೂರು ಕೊಟ್ಟರು. ಕೋರ್ಟು ತೆರವು ಮಾಡಿಸಿ ಅಂದಿತು. ಮೇ 16ರ ಬೆಳಗಿನ ಜಾವ ಪೊಲೀಸರು ಬಂದು ಮಲಗಿದ್ದವರನ್ನು ಎಬ್ಬಿಸಿ ವ್ಯಾನಿಗೆ ತುಂಬಿದರು. ಪ್ರತಿಮೆಯನ್ನು ಮುಟ್ಟಲಿಲ್ಲ. ಅದನ್ನು ನಿಲ್ಲಿಸಿದ ದಿನ ಪುತಿನ್ನೂ ಬಂದಿದ್ದ.